ಎಂ.ಎಸ್. ಅಂದರೆ ಡೈವೋರ್ಸ್ ಆದವರು ಅಂತಲೇ?

ನನಗೆ 36 ವರ್ಷ. ಮೈಸೂರಿನ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಹೋದ ವರ್ಷ ಡೈವೋರ್ಸ್ ಆಯಿತು. ಎಂಟು ವರ್ಷದ ಮಗಳ ಜತೆ ಅಮ್ಮನ ಮನೆಯಲ್ಲಿದ್ದೇನೆ. ಈಗ ಆಫೀಸಿನಲ್ಲಿ ಎಲ್ಲರಿಗೂ ಹೊಸ ಐಡಿ ಕಾರ್ಡು ಮಾಡಿಸುತ್ತಿದ್ದಾರೆ. ಹೆಸರಿನ ಹಿಂದೆ ಮಿಸ್, ಮಿಸೆಸ್, ಎಂ.ಎಸ್. ಮೂರರಲ್ಲಿ ಒಂದಕ್ಕೆ ಟಿಕ್ ಹಾಕಲೇಬೇಕಂತೆ. ಇಷ್ಟು ದಿನ ಮಿಸೆಸ್ ಅಂತಿತ್ತು. ನಾನು ಎಂ.ಎಸ್.ಗೆ ಟಿಕ್ ಹಾಕಲು ಹೊರಟಾಗ ಪಕ್ಕದ ಸೀಟಿನವರು ನಾಲ್ಕು ಜನರ ಎದುರಿಗೆ ‘ಅದು ಡೈವೋರ್ಸ್ ಆದವರಿಗಲ್ವಾ?’ ಅಂದರು. ಅಮ್ಮ ‘ಮಿಸೆಸ್ ಅಂತಲೇ ಇರಲಿ ಬಿಡು, ಯಾರೂ ಏನೂ ಕೇಳಲ್ಲ’ ಅನ್ನುತ್ತಾರೆ. ಫಾರಂ ಇನ್ನೂ ನನ್ನ ಡ್ರಾಯರಿನಲ್ಲೇ ಇದೆ. ಇದರ ನಡುವೆ ಲಂಡನ್ನಿನ ಕ್ಲೈಂಟ್ ಒಬ್ಬರಿಗೆ ಮಿಸೆಸ್ ಎಂದು ಮೇಲ್ ಬರೆದೆ. ಅವರು ಎಂ.ಎಸ್. ಎಂದು ತಿದ್ದಿ ಉತ್ತರ ಕಳಿಸಿದರು. ಅವರಿಗೂ ಡೈವೋರ್ಸ್ ಆಗಿದೆಯೇ? ನಾನೇನು ಮಾಡಲಿ?
– ಹೆಸರು ಬೇಡ, ಮೈಸೂರು

ಎಂ.ಎಸ್.ಗೆ ಟಿಕ್ ಹಾಕಿ ಫಾರಂ ಕೊಟ್ಟುಬಿಡಿ. ಲಂಡನ್ನಿನ ಆ ಮಹಿಳೆಗೆ ಡೈವೋರ್ಸ್ ಆಗಿದೆಯೋ, ಮದುವೆಯೇ ಆಗಿಲ್ಲವೋ, ಗಂಡ ಮಕ್ಕಳೊಂದಿಗೆ ಹಾಯಾಗಿದ್ದಾರೋ ಎಂಬುದು ಆ ಎರಡು ಅಕ್ಷರದಿಂದ ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಎಂದೇ ಅದನ್ನು ತಂದಿದ್ದು. ಗಂಡಸರ ‘ಮಿಸ್ಟರ್’ ಇದೆಯಲ್ಲ, ಅದೂ ಅವರ ಮದುವೆಯ ಸುದ್ದಿ ಹೇಳುವುದಿಲ್ಲ. ಎಂ.ಎಸ್. ಅದಕ್ಕೆ ಸರಿಜೋಡಿ, ಅಷ್ಟೆ.

ಪಕ್ಕದ ಸೀಟಿನವರ ತಿಳಿವಳಿಕೆ ಅವರೊಬ್ಬರದೇ ಅಲ್ಲ. ಮಿಸ್ ಅಂದರೆ ಕುಮಾರಿ, ಮಿಸೆಸ್ ಅಂದರೆ ಶ್ರೀಮತಿ ಎಂದು ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ನಾವು, ಮೂರನೆಯದು ಕಣ್ಣಿಗೆ ಬಿದ್ದಾಗ ‘ಹಾಗಾದರೆ ಇದು ಈ ಎರಡೂ ಅಲ್ಲದವರಿಗಿರಬೇಕು’ ಎಂದು ಲೆಕ್ಕ ಹಾಕಿಕೊಂಡೆವು. ಲೆಕ್ಕ ತಪ್ಪು. ಅದು ಈ ಎರಡರ ಬದಲಿಗೆ ಬಂದದ್ದು.

ಬಂದ ದಾರಿಯೂ ಸ್ವಾರಸ್ಯವಾಗಿದೆ. 1901ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ಪತ್ರಿಕೆಯೊಂದು, ಮದುವೆ ಆಗಿದೆಯೋ ಇಲ್ಲವೋ ತಿಳಿಯದ ಹೆಂಗಸರನ್ನು ಸಂಬೋಧಿಸುವಾಗ ಆಗುವ ಮುಜುಗರ ತಪ್ಪಿಸಲು ಈ ಎರಡಕ್ಷರ ಬಳಸಬಹುದು ಎಂದು ಸೂಚಿಸಿತ್ತು. ಆಗ ಅದಕ್ಕೆ ಹೆಚ್ಚು ಜನ ಕಿವಿಗೊಡಲಿಲ್ಲ. 1961ರಲ್ಲಿ ಶೀಲಾ ಮೈಕೆಲ್ಸ್ ಎಂಬ ಯುವತಿ ತನ್ನ ರೂಮ್‌ಮೇಟ್‌ಗೆ ಅಂಚೆಯಲ್ಲಿ ಬಂದ ಪತ್ರಿಕೆಯ ವಿಳಾಸದಲ್ಲಿ ಇದನ್ನು ಕಂಡು ಅಚ್ಚಿನ ತಪ್ಪು ಎಂದುಕೊಂಡರು. ಅಪ್ಪನಿಗೂ ಸೇರದ, ಗಂಡನಿಗೂ ಸೇರದ ಹೆಣ್ಣಿಗೆ ಒಂದು ಸಂಬೋಧನೆ ಬೇಕೆಂದು ಹುಡುಕುತ್ತಿದ್ದ ಅವರಿಗೆ ಆ ‘ತಪ್ಪು’ ಹಿಡಿಸಿಬಿಟ್ಟಿತು. ವರ್ಷಗಟ್ಟಲೆ ಅವರು ಇದರ ಬಗ್ಗೆ ಮಾತಾಡುತ್ತಲೇ ಇದ್ದರು. 1972ರಲ್ಲಿ ಗ್ಲೋರಿಯಾ ಸ್ಟೈನೆಮ್ ಮತ್ತು ಗೆಳತಿಯರು ಹೊರತಂದ ಮಹಿಳಾ ಪತ್ರಿಕೆಗೆ ಇದೇ ಹೆಸರಾಯಿತು. ಆ ವರ್ಷವೇ ಅಮೆರಿಕದ ಸರ್ಕಾರಿ ಮುದ್ರಣಾಲಯವೂ ತನ್ನ ಪ್ರಕಟಣೆಗಳಲ್ಲಿ ಇದರ ಬಳಕೆಯನ್ನು ಒಪ್ಪಿತು.

ಮದುವೆಯಾದವರಿಗೂ ಇದು ಎಷ್ಟು ಬೇಕಾಗಿತ್ತು ಎಂಬುದಕ್ಕೆ ಇನ್ನೊಂದು ಕತೆ ಇದೆ. ಪಕ್ಕದ ಸೀಟಿನವರಿಗೆ ಬೇಕಾದರೆ ಹೇಳಿ. 1984ರಲ್ಲಿ ಜೆರಾಲ್ಡೀನ್ ಫೆರಾರೊ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ನಿಂತಿದ್ದರು. ಗಂಡನ ಹೆಸರು ಜಾನ್ ಜಕಾರೊ. ಫೆರಾರೊ ಎಂಬುದು ತವರಿನ ಹೆಸರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆಗ ಎಂ.ಎಸ್. ಬಳಸುತ್ತಿರಲಿಲ್ಲ. ‘ಮಿಸ್ ಫೆರಾರೊ’ ಎಂದು ಬರೆಯೋಣವೆಂದರೆ ಆಕೆ ಮಕ್ಕಳ ತಾಯಿ. ‘ಮಿಸೆಸ್ ಫೆರಾರೊ’ ಎಂದರೆ ಫೆರಾರೊ ಎಂಬವರ ಹೆಂಡತಿ, ಅಂದರೆ ಆಕೆಯ ಅಮ್ಮ! ಅದೇ ಪತ್ರಿಕೆಯ ಭಾಷಾ ಅಂಕಣಕಾರ ವಿಲಿಯಂ ಸಫೈರ್, ರಾಜಕೀಯದಲ್ಲಿ ಸಂಪ್ರದಾಯವಾದಿಯಾದರೂ, ಎಂ.ಎಸ್. ಪರವಾಗಿ ವಾದಿಸಿದರು. ಪತ್ರಿಕೆ ಒಪ್ಪಿದ್ದು 1986ರ ಜೂನ್‌ನಲ್ಲಿ. ಇದರಲ್ಲಿ ಡೈವೋರ್ಸಿನ ಸುಳಿವೇ ಇಲ್ಲ ನೋಡಿ.

ಇನ್ನು ನಿಮ್ಮ ಅಮ್ಮನ ಮಾತು. ಅವರು ಹೇಳಿದ್ದು ಸುಳ್ಳಿಗೆ ಸಮ ಎಂದು ನೀವು ಅಂದುಕೊಂಡಿದ್ದರೆ ಹಾಗೇನಿಲ್ಲ. ಡೈವೋರ್ಸ್ ಆದ ಮೇಲೂ ಮಿಸೆಸ್ ಎಂದೇ ಉಳಿಸಿಕೊಳ್ಳುವ ಹೆಂಗಸರು ಇಂಗ್ಲೆಂಡಿನಲ್ಲೂ ಇದ್ದಾರೆ. ಅಷ್ಟೇಕೆ, ಒಂದು ಕಾಲದಲ್ಲಿ ಅಲ್ಲಿ ಮಿಸೆಸ್‌ಗೂ ಮದುವೆಗೂ ಗಂಟೇ ಇರಲಿಲ್ಲ. ದೊಡ್ಡ ಮನೆಗಳ ಮುಖ್ಯ ಅಡುಗೆಯವಳು ಮದುವೆಯಾಗದಿದ್ದರೂ ಆ ಗೌರವಕ್ಕೆ ಮಿಸೆಸ್ ಅನ್ನಿಸಿಕೊಳ್ಳುತ್ತಿದ್ದಳು. ನಮ್ಮ ಮಕ್ಕಳು ಮೊಮ್ಮಗು ಕಂಡ ಟೀಚರನ್ನೂ ‘ಮಿಸ್’ ಎಂದು ಕೂಗುವುದಿಲ್ಲವೇ, ಹಾಗೆ. ಆದ್ದರಿಂದ ನಿಮಗೇ ಮಿಸೆಸ್ ಇಷ್ಟವಿದ್ದರೆ ಇಟ್ಟುಕೊಳ್ಳಿ, ಯಾರ ಅಪ್ಪಣೆಯೂ ಬೇಡ. ಆದರೆ ನಿಮ್ಮ ಪತ್ರ ಓದಿದರೆ ಹಾಗನ್ನಿಸುವುದಿಲ್ಲ. ಯಾರೂ ಕೇಳದಿರಲಿ ಎಂಬುದು ಅಮ್ಮನ ಆಸೆ. ಮಗಳನ್ನು ಕಾಯುವ ಅವರ ರೀತಿ ಅದು. ಯಾರೂ ಕೇಳಬಾರದು ಎಂಬ ಅದೇ ಆಸೆಗೆ ಮಿಸೆಸ್‌ಗಿಂತ ಎಂ.ಎಸ್. ಚೆನ್ನಾಗಿ ಒದಗುತ್ತದೆ ಎಂದು ಅವರಿಗೆ ತಿಳಿಸಿ ಹೇಳಿ.

ಒಂದು ಮಾತು ನೇರವಾಗಿ ಹೇಳುತ್ತೇನೆ, ಬೇಸರ ಬೇಡ. ನಿಮ್ಮನ್ನು ತಡೆದಿರುವುದು ಆ ಚೌಕದಲ್ಲಿ ಹಾಕಬೇಕಾದ ಗುರುತಲ್ಲ, ಆ ನಾಲ್ಕು ಜನ ತಿರುಗಿ ನೋಡಿದ ಬಗೆ. ಡೈವೋರ್ಸ್ ಸಂಗತಿ ಆಫೀಸಿನಲ್ಲಿ ಯಾರಿಗೆ ಎಷ್ಟು ಗೊತ್ತಾಗಬೇಕು ಎಂಬುದನ್ನು ನೀವೇ ತೀರ್ಮಾನಿಸಿ, ಒಂದಿಬ್ಬರು ಆಪ್ತರಿಗೆ ನೀವಾಗಿಯೇ ಹೇಳಿಬಿಡಿ. ಉಳಿದವರು ಕೆದಕಿದರೆ ‘ಎಂ.ಎಸ್. ಎಲ್ಲ ಹೆಂಗಸರಿಗೂ ಆಗುತ್ತೆ, ನೀವೂ ಹಾಕ್ಕೊಳ್ಳಿ’ ಅನ್ನಿ. ಅದಕ್ಕಿಂತ ಹೆಚ್ಚು ವಿವರಣೆ ಕೊಡಲು ಹೋಗಬೇಡಿ. ಕಾರಣ ಕೊಡುತ್ತಾ ಹೋದಷ್ಟೂ ಕೇಳುವವರ ಬಾಯಿ ಬೆಳೆಯುತ್ತದೆ.

ಲಂಡನ್ನಿನವರಿಗೆ ದೊಡ್ಡ ಕ್ಷಮಾಪಣೆ ಪತ್ರವೇನೂ ಬೇಡ. ಮುಂದಿನ ಮೇಲ್‌ನಲ್ಲಿ ಅವರು ಬರೆದುಕೊಂಡಂತೆಯೇ ಬರೆಯಿರಿ, ಮುಗಿಯಿತು. ಅಲ್ಲಿ ಎಂ.ಎಸ್. ಮುಂದೆ ಬರುವುದು ಮನೆತನದ ಹೆಸರು, ನಮ್ಮ ‘ಮಿಸೆಸ್ ಗೀತಾ’ ಥರ ಕರೆಯುವ ಹೆಸರಲ್ಲ. ಡಾಕ್ಟರೋ ಪ್ರೊಫೆಸರೋ ಆಗಿದ್ದರೆ ಅದನ್ನೇ ಬಳಸಿ, ಬೇರೇನೂ ಸೇರಿಸಬೇಡಿ. ಯಾವುದೂ ತಿಳಿಯದಿದ್ದಾಗ ಪೂರ್ತಿ ಹೆಸರು ಬರೆದರೆ ಸಾಕು. ಫೋನಿನಲ್ಲಿ ಹೇಳಬೇಕಾಗಿ ಬಂದರೆ ಅದರ ಉಚ್ಚಾರ ‘ಮಿಜ್’ಗೆ ಹತ್ತಿರ, ‘ಮಿಸ್’ ಎಂದರೆ ಕೇಳಿದವರು ಕುಮಾರಿ ಅಂದುಕೊಳ್ಳುತ್ತಾರೆ.

ಕೊನೆಗೊಂದು ವಿಷಯ, ನೀವು ಕೇಳಿಲ್ಲವಾದರೂ. ನಿಮ್ಮ ಹೆಸರಿನ ಕೊನೆಯಲ್ಲಿ ಗಂಡನ ಹೆಸರು ಸೇರಿಸಿಕೊಂಡಿದ್ದರೆ ಅದನ್ನು ತೆಗೆಸುವುದು ಬೇರೆಯೇ ಕೆಲಸ. ಬ್ಯಾಂಕು, ಪ್ಯಾನ್, ಪಾಸ್‌ಪೋರ್ಟ್ ಎಲ್ಲದಕ್ಕೂ ಕಾಗದಪತ್ರ ಕೊಡಬೇಕಾಗುತ್ತದೆ. ಕೋರ್ಟಿನ ಡಿಕ್ರಿಯ ದೃಢೀಕೃತ ಪ್ರತಿ ಒಂದೆರಡು ತೆಗೆದಿಟ್ಟುಕೊಳ್ಳಿ. ಐಡಿ ಕಾರ್ಡಿನ ಎಂ.ಎಸ್.ಗೆ ಅದ್ಯಾವುದೂ ಬೇಡ. ಎಚ್.ಆರ್.ನವರು ಡಿಕ್ರಿ ತನ್ನಿ ಎಂದರೆ, ಮಿಸ್ಟರ್ ಎಂದು ಹಾಕಿಕೊಂಡವರಿಂದ ಯಾವ ದಾಖಲೆ ತೆಗೆದುಕೊಂಡಿರಿ ಎಂದು ವಿನಯದಿಂದಲೇ ಕೇಳಿ.