ಬೆಂಕಿಯ ಸುತ್ತ ಕೂತ ಊರು

ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಅದು ಶುರುವಾದದ್ದು ಗಡಿಯ ಕೈಲಾಹುನ್ ಜಿಲ್ಲೆಯಲ್ಲಿ. ಯುದ್ಧ ಮುಗಿದ ಮೇಲೆ ಕೊಂದವರೂ ಕಳೆದುಕೊಂಡವರೂ ಅವೇ ಹಳ್ಳಿಗಳಲ್ಲಿ ಬಾಳಬೇಕಾಯಿತು. ಇಂಡಿ, ಸಿಂದಗಿ ಕಡೆ ಗೊಬ್ಬರ ಉದ್ರಿ ಸಿಗುವುದು, ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಿಗೆ ಹೋಗುವುದು ನಂಬಿಕೆಯ ಮೇಲೆ. ಅದೇ ಹೋದರೆ ಒಕ್ಕಲುತನ ಹೇಗೆ?

2008ರಲ್ಲಿ ಅಲ್ಲಿ ಜಾನ್ ಕಾಲ್ಕರ್ ಅವರ ‘ಫಂಬುಲ್ ಟಾಕ್’ ಸಂಸ್ಥೆ ಕೆಲಸ ಆರಂಭಿಸಿತು. ಹೆಸರಿನ ಅರ್ಥ ಮನೆಮಂದಿಯ ಮಾತುಕತೆ. ಇಮಾಮರು, ಪಾದ್ರಿಗಳು, ಹಿರಿಯರು, ಹೆಣ್ಣುಮಕ್ಕಳು ಸೇರಿ ಮೊದಲು ಊರನ್ನು ಸಿದ್ಧಮಾಡುತ್ತಾರೆ. ಆಮೇಲೆ ಒಂದು ರಾತ್ರಿ ಎಲ್ಲರೂ ಬೆಂಕಿಯ ಸುತ್ತ ಕೂಡುತ್ತಾರೆ. ತಪ್ಪು ಮಾಡಿದವನು ನೊಂದವರ ಎದುರೇ ಒಪ್ಪಿಕೊಂಡು ಕ್ಷಮೆ ಕೇಳುತ್ತಾನೆ.

ಓದುವಾಗ ನಮ್ಮ ದೀನಿಯಾತ್‌ನ ಹುಕೂಕುಲ್ ಇಬಾದ್ ನೆನಪಾಯಿತು. ಮನುಷ್ಯನಿಗೆ ಮಾಡಿದ ಅನ್ಯಾಯಕ್ಕೆ ಆ ಮನುಷ್ಯನಿಂದಲೇ ಮಾಫಿ ಪಡೆಯಬೇಕು. ಬರೀ ನಮಾಜ್, ರೋಜಾದಿಂದ ಆ ಬಾಕಿ ತೀರದು.

ಆದರೆ ಖರ್ಚಿನ ಬದಿಯನ್ನೂ ನೋಡಬೇಕು. ಇಂಥ ಸಭೆಗಳ ಬಗ್ಗೆ 200 ಹಳ್ಳಿಗಳಲ್ಲಿ ನಡೆದ ಅಧ್ಯಯನ 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕ್ಷಮೆ, ನಂಬಿಕೆ, ಊರ ಕೆಲಸಕ್ಕೆ ಕೊಡುವ ವಂತಿಗೆ ಹೆಚ್ಚಿದ್ದವು. ಹಳೆಯ ಗಾಯ ಕೆದಕಿದ್ದರಿಂದ ಖಿನ್ನತೆ, ಆತಂಕವೂ ಹೆಚ್ಚಿದ್ದವು. ಸುಮಾರು ಮೂರು ವರ್ಷವಾದರೂ ಅವು ಇಳಿದಿರಲಿಲ್ಲ.