ಫ್ಲಾಸ್ಕಿನಲ್ಲಿ ಐಸ್: ಒಂದು ಮರುಪಾಠ

ಏಳನೇ ತರಗತಿಯ ‘ಉಷ್ಣ’ ಘಟಕಕ್ಕೆ ಥರ್ಮಾಸ್ ಫ್ಲಾಸ್ಕನ್ನು ಬೋಧನೋಪಕರಣವಾಗಿ ಆರಿಸಿಕೊಂಡಿದ್ದೆ. ಮನೆಯಿಂದ ಹಳೆಯ ಗಾಜಿನ ರೀಫಿಲ್ ಒಯ್ದು ಎರಡು ಗೋಡೆ, ನಡುವಿನ ನಿರ್ವಾತ, ಬೆಳ್ಳಿಯ ಲೇಪ ಎಲ್ಲವನ್ನೂ ವಿವರಿಸಿದೆ. (ಆ ಹೊಳಪು ಪಾದರಸದ್ದೆಂದು ಅರ್ಧ ತರಗತಿ ನಂಬಿತ್ತು, ಅದಕ್ಕೇ ಐದು ನಿಮಿಷ ಹೋಯಿತು.) ಕಪ್ಪುಹಲಗೆಯ ಮೇಲೆ ಬರೆದೆ: ‘ಫ್ಲಾಸ್ಕು ಶಾಖ ಹೊರಹೋಗದಂತೆ ತಡೆಯುತ್ತದೆ.’

ಎರಡನೇ ಸಾಲಿನ ಹುಡುಗಿ ಎದ್ದಳು. “ಮಿಸ್, ಶಾಖ ಹೊರಗೇ ಹೋಗಲ್ಲ ಅಂದ್ರೆ, ಅದರಲ್ಲಿ ಐಸ್ ಹಾಕಿದ್ರೆ ಬೇಗ ಕರಗಬೇಕಲ್ವಾ?”

“ಇಲ್ಲ, ತಣ್ಣಗೂ ಇಡುತ್ತೆ” ಎಂದು ಮುಂದಕ್ಕೆ ಹೋದೆ. ಅವಳು ಕೂತಳು, ಒಪ್ಪಿ ಅಲ್ಲ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ‘ಪ್ರಶ್ನೆ ಸರಿ, ವಾಕ್ಯ ಅರ್ಧ.’

ಮರುದಿನ ಪಾಠವನ್ನು ತಣ್ಣನೆಯ ಕಡೆಯಿಂದಲೇ ಶುರುಮಾಡಿದೆ. ಒಂದೇ ಗಾತ್ರದ ಎರಡು ಐಸ್ ತುಂಡುಗಳನ್ನು ಫ್ಲಾಸ್ಕಿನಲ್ಲೇ ತಂದಿದ್ದೆ. ಎರಡನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಒಂದನ್ನು ತಟ್ಟೆಯಲ್ಲಿಟ್ಟು ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿದೆ. ಯಾವುದು ಮೊದಲು ಕರಗುತ್ತದೆ? 38 ಮಕ್ಕಳಲ್ಲಿ 31 ಮಂದಿ ಕಂಬಳಿಯದಕ್ಕೇ ಕೈ ಎತ್ತಿದರು. “ಕಂಬಳಿ ಬಿಸಿ, ಮಿಸ್.”

ಕಾಯುವ ಹೊತ್ತಿನಲ್ಲಿ ಜೇಮ್ಸ್ ಡ್ಯೂವರ್ ಕಥೆ ಹೇಳಿದೆ. 1892ರಲ್ಲಿ ಲಂಡನ್ನಿನಲ್ಲಿ ಅವರು ಈ ಪಾತ್ರೆ ಮಾಡಿದ್ದು ಚಹಾಕ್ಕಲ್ಲ, ದ್ರವರೂಪದ ಅನಿಲಗಳಿಗೆ. ದ್ರವ ಆಮ್ಲಜನಕ ಸೊನ್ನೆಗಿಂತ 183 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಅದಕ್ಕೆ ನಮ್ಮ ಕೋಣೆಯೇ ಒಲೆ. ಹೊರಗಿನ ಶಾಖ ಒಳಬರದಂತೆ ನೋಡಿಕೊಳ್ಳುವುದೇ ಫ್ಲಾಸ್ಕಿನ ಮೊದಲ ಕೆಲಸವಾಗಿತ್ತು. “ನಮ್ಮೂರಿಗೆ ಲಸಿಕೆ ತರೋ ಡಬ್ಬಿ ಥರ!” ಎಂದು ಹಿಂದಿನಿಂದ ಒಬ್ಬ ಕೂಗಿದ. ಆ ಡಬ್ಬಿಯಲ್ಲಿ ನಿರ್ವಾತವಿಲ್ಲ, ದಪ್ಪ ಫೋಮ್ ಇರುತ್ತದೆ. ಆದರೂ ಉದಾಹರಣೆ ನನ್ನದಕ್ಕಿಂತ ಚೆನ್ನಾಗಿತ್ತು.

ಅವಧಿ ಮುಗಿಯುವಾಗ ತಟ್ಟೆಯದು ನೀರಾಗಿತ್ತು. ಕಂಬಳಿಯೊಳಗೆ ಅಡಿಕೆ ಗಾತ್ರದ ತುಂಡು ಉಳಿದಿತ್ತು.

ಹಲಗೆಯ ವಾಕ್ಯವನ್ನು ಮಕ್ಕಳೇ ತಿದ್ದಿದರು: ‘ಶಾಖ ಬಿಸಿಯ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ. ಫ್ಲಾಸ್ಕು ಅದನ್ನು ಎರಡೂ ದಿಕ್ಕಿನಲ್ಲಿ ನಿಧಾನ ಮಾಡುತ್ತದೆ.’ ‘ತಡೆಯುತ್ತದೆ’ ಬೇಡ ಎಂದವಳು ಅದೇ ಹುಡುಗಿ. ಅವರ ಮನೆಯ ಫ್ಲಾಸ್ಕಿನಲ್ಲಿ ಬೆಳಗಿನ ಕಾಫಿ ಸಂಜೆಗೆ ಉಗುರುಬೆಚ್ಚಗಾಗುತ್ತದಂತೆ. ಹಾಗಾದರೆ ಶಾಖ ಎಲ್ಲಿಂದ ನುಸುಳುತ್ತದೆ? ವಹನಕ್ಕೂ ಸಂವಹನಕ್ಕೂ ವಸ್ತು ಬೇಕು, ನಿರ್ವಾತದಲ್ಲಿ ಅದಿಲ್ಲ. ವಿಕಿರಣವನ್ನು ಬೆಳ್ಳಿಯ ಲೇಪ ಬಹುಪಾಲು ಹಿಂದಕ್ಕೆ ಕಳಿಸುತ್ತದೆ. ಎರಡು ಗೋಡೆಗಳೂ ಕೂಡುವ ಕತ್ತನ್ನು, ಬಿರಡೆಯನ್ನು ಅವರೇ ಬೆರಳಿಟ್ಟು ತೋರಿಸಿದರು.

ಘಟಕ ಪರೀಕ್ಷೆಯಲ್ಲಿ ಆರು ಮಕ್ಕಳು ‘ಕಂಬಳಿ ಶಾಖ ಕೊಡುತ್ತದೆ’ ಎಂದೇ ಬರೆದಿದ್ದಾರೆ. ಮಡಿಸಿಟ್ಟ ಕಂಬಳಿಯೊಳಗೆ ತಾಪಮಾಪಕ ಇಟ್ಟು ತೋರಿಸುವುದು ಇನ್ನೂ ಬಾಕಿ ಇದೆ.