ನಮ್ಮೂರಲ್ಲಿ ನಾವೇ ಪ್ರವಾಸಿಗರು: ಸೇವೆಯ ಐದು ಲಕ್ಷಣಗಳು



ಪ್ರಥಮ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ‘ವ್ಯವಹಾರ ಸೇವೆಗಳು’ ಎಂಬ ಪಾಠವಿದೆ. ಸೇವೆಗೆ ಐದು ಲಕ್ಷಣಗಳು. ಇಂಗ್ಲಿಷಿನಲ್ಲಿ ಐದೂ ‘ಐ’ ಅಕ್ಷರದಿಂದ ಶುರುವಾಗುವುದರಿಂದ ಬಾಯಿಪಾಠ ಸುಲಭ. ನಾನೂ ಬಾಯಿಪಾಠ ಮಾಡಿಯೇ ಅಂಕ ತೆಗೆದುಕೊಂಡಿದ್ದೆ. ಅದು ಅರ್ಥವಾದದ್ದು ದಸರಾ ರಜೆಯಲ್ಲಿ, ಕಲಬುರಗಿಯಿಂದ ಖಾಲಾ ಮತ್ತು ಅವರ ಮಗಳು ಆಪಾ ನಮ್ಮ ಮನೆಗೆ ಬಂದಾಗ.

ನಮ್ಮ ಮನೆ ಕಾಡುಗೋಡಿಯಲ್ಲಿ. ಅಬ್ಬಾ ಆಟೋ ಓಡಿಸುತ್ತಾರೆ. “ಬೆಂಗಳೂರು ತೋರಿಸು” ಎಂದು ಖಾಲಾ ಕೇಳಿದಾಗ ನನಗೆ ನಾಚಿಕೆಯಾಯಿತು. ಹದಿನೇಳು ವರ್ಷ ಇಲ್ಲೇ ಬೆಳೆದರೂ ನನಗೆ ಗೊತ್ತಿದ್ದದ್ದು ಮನೆ, ಕಾಲೇಜು ಮತ್ತು ಒಂದು ಮಾಲ್ ಅಷ್ಟೆ. ಆ ರಾತ್ರಿ ಕೂತು ಓದಿಕೊಂಡೆ.

ಓದಿದಾಗ ಮೊದಲು ಸಿಕ್ಕಿದ್ದು ನಮ್ಮ ವೈಟ್‌ಫೀಲ್ಡ್ ಕಥೆಯೇ. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಇಲ್ಲಿ ಜಮೀನು ಕೊಟ್ಟರು. ಅವರ ಸಂಘದ ಮುಖಂಡರಾಗಿದ್ದ ವೈಟ್ ಎಂಬುವರ ಹೆಸರೇ ಊರಿಗೆ ಬಂತು. ಬಿಳಿ ಹೊಲಕ್ಕೂ ಇದಕ್ಕೂ ಸಂಬಂಧವಿಲ್ಲ! 1994ರಲ್ಲಿ ಭಾರತ ಮತ್ತು ಸಿಂಗಪುರ ಸೇರಿ ಐಟಿಪಿಎಲ್ ಯೋಜನೆ ಆರಂಭಿಸಿದವು. ನಮ್ಮ ಬೀದಿಯಲ್ಲಿ ಇಂದು ಕನ್ನಡ, ಉರ್ದು, ತೆಲುಗು, ತಮಿಳು, ಬಂಗಾಳಿ ಎಲ್ಲವೂ ಕೇಳಿಸುತ್ತವೆ.

ಮರುದಿನ ಅಬ್ಬಾ ಆಟೋ ನಿಲ್ಲಿಸಿದರು. ಐದೂ ಜನ ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿದೆವು. ನೇರಳೆ ಮಾರ್ಗ ಚಲ್ಲಘಟ್ಟದವರೆಗೆ ಪೂರ್ತಿಯಾಗಿದ್ದು 2023ರ ಅಕ್ಟೋಬರ್‌ನಲ್ಲಿ. ಸುಮಾರು 43 ಕಿ.ಮೀ., 37 ನಿಲ್ದಾಣ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ಗೆ ಹೋದೆವು. ಇನ್ನು ಪಾಠಕ್ಕೆ ಬರೋಣ.

1. ಅಮೂರ್ತತೆ: ಸೇವೆಯನ್ನು ಕೈಯಲ್ಲಿ ಹಿಡಿಯಲಾಗದು. ಟಿಪ್ಪು ಸುಲ್ತಾನರ ಬೇಸಿಗೆ ಅರಮನೆ ನೋಡಿದೆವು. ಹೈದರಾಲಿ 1781ರಲ್ಲಿ ಶುರು ಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದರು. ತೇಗದ ಕಂಬಗಳು ಇಂದಿಗೂ ಗಟ್ಟಿಯಾಗಿವೆ. ಪಕ್ಕದಲ್ಲೇ ಕೋಟೆ ವೆಂಕಟರಮಣ ದೇವಸ್ಥಾನ; ಅದು ಅರಮನೆಗಿಂತಲೂ ಹಳೆಯದು. ಟಿಕೆಟ್ಟಿಗೆ ಹಣ ಕೊಟ್ಟೆವು, ಆದರೆ ಹೊರಗೆ ಬರುವಾಗ ಕೈ ಖಾಲಿ. ಮನಸ್ಸು ಮಾತ್ರ ತುಂಬಿತ್ತು. ನಾವು ಕೊಂಡದ್ದು ಅದನ್ನೇ.

2. ಅಸಮಾನತೆ: ಒಂದೇ ಸೇವೆ ಎಲ್ಲರಿಂದಲೂ ಒಂದೇ ರೀತಿ ಸಿಗುವುದಿಲ್ಲ. ಖಾಲಾಗೆ ಮಂಡಿ ನೋವು, ಹಾಗಾಗಿ ಲಾಲ್‌ಬಾಗ್‌ಗೆ ಆಟೋ ಕೇಳಿದೆವು. ಒಬ್ಬರು 150 ರೂಪಾಯಿ ಎಂದರು. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ನಂತರ ಕಿ.ಮೀ.ಗೆ 18. ಸುಮಾರು 3 ಕಿ.ಮೀ. ದಾರಿಗೆ ಲೆಕ್ಕ 54 ರೂಪಾಯಿ. ಅಬ್ಬಾ ಏನೂ ಹೇಳಲಿಲ್ಲ, ತಲೆ ತಗ್ಗಿಸಿದರು. ಮುಂದಿನ ಆಟೋದವರು ಕೇಳುವ ಮೊದಲೇ ಮೀಟರ್ ಹಾಕಿ, ಖಾಲಾ, ಅಮ್ಮಿ ಮತ್ತು ಆಪಾರನ್ನು ಕೂರಿಸಿಕೊಂಡರು. ನಾನೂ ಅಬ್ಬಾನೂ ಮೆಟ್ರೋದಲ್ಲಿ ಹಿಂದೆ ಹೋದೆವು.

3. ಅವಿಭಾಜ್ಯತೆ: ಸೇವೆಯನ್ನು ಕೊಡುವವರಿಂದ ಬೇರೆ ಮಾಡಲಾಗದು. ಲಾಲ್‌ಬಾಗ್ ಟಿಕೆಟ್ ಕೌಂಟರಿನಲ್ಲಿದ್ದ ಹುಡುಗ ನಮ್ಮ ಬುರ್ಖಾ ನೋಡಿ ಹಿಂದಿಯಲ್ಲಿ ಮಾತಾಡಿಸಿದ. ಖಾಲಾ, “ಐದು ಟಿಕೇಟ್ ಕೊಡ್ರಿ ತಮ್ಮಾ” ಎಂದರು. ಅವನು ನಕ್ಕು, “ಅಮ್ಮಾ, ನಿಮ್ದು ಕಲಬುರಗಿ ಕಡೆನಾ? ನಮ್ದು ಸೇಡಂ” ಎಂದ. ಬಿಸಿಲು ಇಳಿದ ಮೇಲೆ ಬಂಡೆ ಹತ್ತಿ ಎಂದು ಸಲಹೆಯನ್ನೂ ಕೊಟ್ಟ. ಟಿಕೆಟ್ಟಿನ ಬೆಲೆಯಲ್ಲಿ ಅವನ ನಗು ಸೇರಿರಲಿಲ್ಲ. ಆದರೂ ಖಾಲಾ ಊರಿಗೆ ಹೋಗಿ ಎಲ್ಲರಿಗೂ ಹೇಳಿದ್ದು ಅವನ ಮಾತನ್ನೇ.

4. ದಾಸ್ತಾನು ಇಲ್ಲದಿರುವುದು: ಸೋಪು ಇವತ್ತು ಮಾರಾಟವಾಗದಿದ್ದರೆ ನಾಳೆ ಮಾರಬಹುದು. ಇವತ್ತು ಓಡದ ಆಟೋದ ಕಿಲೋಮೀಟರನ್ನು ನಾಳೆ ಮಾರಲಾಗದು. ನಮ್ಮನ್ನು ಸುತ್ತಿಸಲು ಅಬ್ಬಾ ಒಂದು ದಿನದ ದುಡಿಮೆ ಬಿಟ್ಟಿದ್ದರು. ಆಟೋ ಸಾಲದ ಕಂತು ಮಾತ್ರ ಆ ದಿನಕ್ಕೂ ಇತ್ತು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. ನಾನು ಬರೆದಿಟ್ಟ ಖರ್ಚಿನ ಪಟ್ಟಿಯಲ್ಲಿ ಮೆಟ್ರೋ, ಟಿಕೆಟ್, ಊಟ, ಚಹಾ ಎಲ್ಲವೂ ಇದ್ದವು. ಎಲ್ಲಕ್ಕಿಂತ ದೊಡ್ಡ ಖರ್ಚು ಮಾತ್ರ ಬಿಟ್ಟುಹೋಗಿತ್ತು.

5. ಪಾಲ್ಗೊಳ್ಳುವಿಕೆ: ಗ್ರಾಹಕನೂ ಸೇರದೆ ಸೇವೆ ಪೂರ್ತಿಯಾಗದು. ಲಾಲ್‌ಬಾಗ್ ತೋಟವನ್ನು 1760ರಲ್ಲಿ ಹೈದರಾಲಿ ಆರಂಭಿಸಿದರು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ಕೆಂಪೇಗೌಡರ ಗೋಪುರವಿರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಇದನ್ನೆಲ್ಲ ನಾನು ಓದಿ ಹೇಳುತ್ತಿದ್ದೆ. ಬಂಡೆಯ ಮೇಲೆ ಕೂತ ಅಬ್ಬಾ ನಿಧಾನವಾಗಿ ಹೇಳಿದರು: “ಇಪ್ಪತ್ತು ವರ್ಷದಿಂದ ಈ ಗೇಟಿಗೆ ಜನರನ್ನು ಬಿಡ್ತಿದ್ದೀನಿ. ಒಳಗೆ ಬಂದಿದ್ದು ಇವತ್ತೇ.”

ಯಾರೂ ಮಾತಾಡಲಿಲ್ಲ. ಆಪಾ ಅವರಿಗೆ ನೀರಿನ ಬಾಟಲಿ ಕೊಟ್ಟಳು. ಆಗ ನನಗೆ ಪಾಠ ಪೂರ್ತಿ ತಿಳಿಯಿತು. ಇಷ್ಟು ವರ್ಷ ಅಬ್ಬಾ ಈ ನಗರದಲ್ಲಿ ಮಾರುವವರಾಗಿಯೇ ಇದ್ದರು. ಅವತ್ತು ಒಂದು ದಿನ ಗ್ರಾಹಕರಾದರು.

ನಮ್ಮ ನಗರದ ಬಗ್ಗೆ ಇನ್ನೊಂದು ಮಾತು. ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಪ್ರತಿವರ್ಷ ಧರ್ಮರಾಯ ದೇವಸ್ಥಾನದ ಕರಗ ಬಂದು ಹೋಗುತ್ತದೆ. ಇಂಥ ಊರನ್ನು ನೋಡಲು ಹೊರದೇಶದಿಂದ ಜನ ಬರುತ್ತಾರೆ. ನಾವು ಮೆಟ್ರೋ ಹತ್ತಿದರೆ ಸಾಕು. 2025ರ ಆಗಸ್ಟ್‌ನಿಂದ ಹಳದಿ ಮಾರ್ಗವಿದೆ, ಎಲೆಕ್ಟ್ರಾನಿಕ್ ಸಿಟಿಯವರಿಗೂ ಕಷ್ಟವಿಲ್ಲ. ಪೀಣ್ಯದವರಿಗೆ ಹಸಿರು ಮಾರ್ಗ 2014ರಿಂದಲೇ ಇದೆ.

ಸಹಪಾಠಿಗಳಿಗೆ ಒಂದು ಅಭ್ಯಾಸ: ಮುಂದಿನ ರಜೆಯಲ್ಲಿ ಮನೆಯವರ ಜೊತೆ ನಗರದ ಒಂದು ಜಾಗ ನೋಡಿ ಬನ್ನಿ. ಖರ್ಚು ಬರೆಯಿರಿ. ಪ್ರತಿ ರೂಪಾಯಿ ಯಾರ ಕೈಗೆ ಹೋಯಿತು ಎಂದೂ ಬರೆಯಿರಿ. ಹೊರಡುವ ಮೊದಲು ಅಬ್ಬಾ ಅಮ್ಮಿಯನ್ನು ಒಂದು ಪ್ರಶ್ನೆ ಕೇಳಿ: “ಅಲ್ಲಿಗೆ ನೀವು ಒಳಗೆ ಹೋಗಿದ್ದೀರಾ?”